ಕಲ್ಲಾದ ಹಾವು, ಕಾಲೊರೆಸಿದ ನೀರುನಾಯಿ
ಇಂಗ್ಲೆಂಡಿನ ಸಂತರ ಐತಿಹ್ಯಗಳಲ್ಲಿ ನಿಸರ್ಗ: ಒಂದು ಸಮೀಕ್ಷೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿರುವ ವಿಟ್ಬಿ ಪಟ್ಟಣದ ಲಾಂಛನದಲ್ಲಿ ಮೂರು ಹಾವುಗಳು ಸುರುಳಿ ಸುತ್ತಿ ಕೂತಿವೆ. ಇವುಗಳ ಮೂಲ ಹುಡುಕಿದರೆ ಸಿಗುವುದು ಹಾವಲ್ಲ, ಅಲ್ಲಿನ ಕಡಲಂಚಿನ ಬಂಡೆಗಳಿಂದ ಉದುರುವ ಅಮೋನೈಟ್ ಎಂಬ ಪಳೆಯುಳಿಕೆ. ಸುಮಾರು 18 ಕೋಟಿ ವರ್ಷಗಳ ಹಿಂದೆ ಕಡಲಲ್ಲಿ ಬದುಕಿದ್ದ, ಸುರುಳಿ ಚಿಪ್ಪಿನ ಜೀವಿ ಅದು. ಊರವರು ಹೇಳುವ ಕಥೆ ಬೇರೆ. 657ರಲ್ಲಿ ಅಲ್ಲಿ ಮಠ ಕಟ್ಟಲು ಬಂದ ಸಂತ ಹಿಲ್ಡಾಗೆ ಹಾವುಗಳ ಕಾಟ ವಿಪರೀತವಾಯಿತಂತೆ. ಆಕೆ ಪ್ರಾರ್ಥಿಸಿದಳು, ಹಾವುಗಳೆಲ್ಲ ಕಲ್ಲಾಗಿ ಬಿದ್ದವು. ‘ಹಾಗಾದರೆ ಇವುಗಳ ತಲೆ ಎಲ್ಲಿ?’ ಎಂದು ಕೇಳುವ ಗಿರಾಕಿಗಳ ಕಾಟ ತಾಳಲಾರದೆ, ವಿಟ್ಬಿಯ ವ್ಯಾಪಾರಿಗಳು ಕಲ್ಲಿಗೆ ಹಾವಿನ ತಲೆಯನ್ನೇ ಕೆತ್ತಿ ಮಾರತೊಡಗಿದರು. ಅಂಥ ‘ಹಾವುಗಲ್ಲು’ಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. 1867ರಲ್ಲಿ ಆಲ್ಫಿಯಸ್ ಹಯಟ್ ಎಂಬ ವಿಜ್ಞಾನಿ ಒಂದು ಅಮೋನೈಟ್ ಕುಲಕ್ಕೆ ಹಿಲ್ಡೊಸೆರಾಸ್ ಎಂದು ಹೆಸರಿಟ್ಟಾಗ ಸಂತಳ ಹೆಸರು ಭೂವಿಜ್ಞಾನದ ಪುಸ್ತಕದೊಳಕ್ಕೂ ಹೊಕ್ಕಿತು.

ಭಕ್ತ, ವ್ಯಾಪಾರಿ, ವಿಜ್ಞಾನಿ ಮೂವರೂ ಕೈಗೆತ್ತಿಕೊಂಡದ್ದು ಒಂದೇ ಕಲ್ಲು. ಇಂಗ್ಲೆಂಡಿನ ಸಂತರ ನಿಸರ್ಗ ಕಥೆಗಳ ಸಾವಿರದ ಮುನ್ನೂರು ವರ್ಷಗಳ ದಾರಿಯನ್ನು ಹಿಂಬಾಲಿಸಿದರೆ ಈ ನೋಟ ಮತ್ತೆ ಮತ್ತೆ ಎದುರಾಗುತ್ತದೆ. ಸಂತರ ಹೆಸರು ಬದಲಾಗುತ್ತದೆ, ಕಥೆಯ ಅರ್ಥವೂ ಬದಲಾಗುತ್ತದೆ. ಹಕ್ಕಿ, ಕಲ್ಲು, ಗಿಡ ಮಾತ್ರ ಇದ್ದಲ್ಲೇ ಇರುತ್ತವೆ.

ಮಠದ ಲೇಖನಿ

ಈ ಕಥೆಗಳು ಬರಹಕ್ಕೆ ಇಳಿದದ್ದು ಮಠಗಳಲ್ಲಿ, ಲ್ಯಾಟಿನ್ ಭಾಷೆಯಲ್ಲಿ. 687ರಲ್ಲಿ ತೀರಿಕೊಂಡ ಕಥ್‌ಬರ್ಟ್ ಲಿಂಡಿಸ್‌ಫಾರ್ನ್ ಮಠದ ಸಂತ. ಆತ ಸತ್ತು ಇಪ್ಪತ್ತು ವರ್ಷ ತುಂಬುವುದರೊಳಗೆ ಅದೇ ಮಠದ ಒಬ್ಬ ಸನ್ಯಾಸಿ, ತನ್ನ ಹೆಸರನ್ನೂ ಹೇಳದೆ, ಆತನ ಚರಿತೆ ಬರೆದ. ಮುಂದೆ ಬೀಡ್ ಎಂಬ ಮಹಾ ವಿದ್ವಾಂಸ ಅದನ್ನೇ ಒಮ್ಮೆ ಪದ್ಯದಲ್ಲಿ, 721ರ ಸುಮಾರಿಗೆ ಮತ್ತೊಮ್ಮೆ ಗದ್ಯದಲ್ಲಿ ಹೇಳಿದ. ಕಥ್‌ಬರ್ಟ್ ರಾತ್ರಿಯೆಲ್ಲ ಕುತ್ತಿಗೆಮಟ್ಟದ ಕಡಲ ನೀರಿನಲ್ಲಿ ನಿಂತು ಪ್ರಾರ್ಥಿಸಿ, ಬೆಳಗಾಗುವ ಹೊತ್ತಿಗೆ ದಡಕ್ಕೆ ಬರುತ್ತಾನೆ. ಅವನ ಹಿಂದೆಯೇ ಎರಡು ಪ್ರಾಣಿಗಳು ನೀರಿನಿಂದೆದ್ದು ಬಂದು, ತಮ್ಮ ಉಸಿರಿನಿಂದ ಅವನ ಪಾದ ಬೆಚ್ಚಗಾಗಿಸಿ, ಮೈಯ ತುಪ್ಪಳದಿಂದ ಒರೆಸುತ್ತವೆ. ಆಶೀರ್ವಾದ ಪಡೆದು ಮತ್ತೆ ನೀರಿಗಿಳಿಯುತ್ತವೆ. ಮೊದಲ ಲೇಖಕ ಇವನ್ನು ‘ಚಿಕ್ಕ ಕಡಲ ಪ್ರಾಣಿಗಳು’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾನೆ. ನೀರುನಾಯಿ ಎಂದು ಹೆಸರಿಡುವವನು ಬೀಡ್.

ಬೀಡ್ ಪ್ರಾಣಿಯ ಹೆಸರಿನ ಜೊತೆಗೆ ತತ್ವವನ್ನೂ ಸೇರಿಸಿದ. ಫಾರ್ನ್ ದ್ವೀಪದಲ್ಲಿ ಕಥ್‌ಬರ್ಟ್ ಬಿತ್ತಿದ ಬಾರ್ಲಿಗೆ ಹಕ್ಕಿಗಳು ಮುತ್ತುತ್ತವೆ. ‘ನೀವು ಬಿತ್ತದ್ದನ್ನು ನೀವೇಕೆ ತಿನ್ನುತ್ತೀರಿ?’ ಎಂಬಂತೆ ಆತ ಗದರಿದಾಗ ಹಾರಿಹೋಗುತ್ತವೆ. ಅತಿಥಿಗೃಹದ ಹುಲ್ಲುಮಾಡನ್ನು ಕಿತ್ತು ಗೂಡು ಕಟ್ಟಿಕೊಳ್ಳುತ್ತಿದ್ದ ರೇವನ್ ಕಾಗೆಗಳು ಬೈಗುಳ ತಿಂದು, ಮೂರು ದಿನ ಬಿಟ್ಟು ರೆಕ್ಕೆ ಇಳಿಬಿಟ್ಟು ಮರಳಿ ಬರುತ್ತವೆ. ತಪ್ಪುಕಾಣಿಕೆಯಾಗಿ ಹಂದಿಯ ಕೊಬ್ಬಿನ ತುಂಡೊಂದನ್ನು ತಂದು ಇಡುತ್ತವೆ. ಬಂದ ಅತಿಥಿಗಳು ಪಾದರಕ್ಷೆಗೆ ಸವರಿಕೊಳ್ಳಲು ಆ ಕೊಬ್ಬನ್ನು ಬಳಸುತ್ತಿದ್ದರೆಂದು ಬೀಡ್ ಬರೆಯುತ್ತಾನೆ. ಅಂಥ ಒದ್ದೆ ದ್ವೀಪದಲ್ಲಿ ಬದುಕಿದವರಿಗಷ್ಟೇ ಹೊಳೆಯುವ ವಿವರ ಇದು. ಈಜಿಪ್ಟಿನ ಆಂತೊನಿ, ಇಟಲಿಯ ಬೆನೆಡಿಕ್ಟ್ ನಡೆದ ದಾರಿಯಲ್ಲೇ ಕಥ್‌ಬರ್ಟ್ ನಡೆದನೆಂದು ಬೀಡ್ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅವನ ವಾದ ಸರಳ: ಸೃಷ್ಟಿಕರ್ತನಿಗೆ ಮನುಷ್ಯ ವಿಧೇಯನಾಗಿದ್ದರೆ ಸೃಷ್ಟಿ ಮನುಷ್ಯನಿಗೆ ವಿಧೇಯವಾಗಿರುತ್ತದೆ, ಆ ಒಡೆತನವನ್ನು ನಾವು ನಮ್ಮ ತಪ್ಪಿನಿಂದಲೇ ಕಳೆದುಕೊಂಡಿದ್ದೇವೆ. ಇಲ್ಲಿ ಪ್ರಾಣಿಪ್ರೀತಿಗಿಂತ ಕಳೆದುಹೋದ ಸ್ವರ್ಗದ ನೆನಪು ದೊಡ್ಡದು.

ಅದೇ ಶತಮಾನದಲ್ಲಿ ಫೆಲಿಕ್ಸ್ ಎಂಬ ಸನ್ಯಾಸಿ ಗುತ್‌ಲಾಕ್‌ನ ಚರಿತೆ ಬರೆದ. ಸೈನಿಕನಾಗಿದ್ದು ವಿರಕ್ತನಾದ ಗುತ್‌ಲಾಕ್ ಪೂರ್ವ ಇಂಗ್ಲೆಂಡಿನ ಕ್ರೌಲೆಂಡ್ ಎಂಬ ಜೌಗು ನಾಡಿನಲ್ಲಿ ನೆಲೆಸಿದ್ದವನು. ಕವಲುತೋಕೆ ಹಕ್ಕಿಗಳು ಅವನ ತೋಳು, ಮಂಡಿಗಳ ಮೇಲೆ ಕೂತು ಹಾಡುತ್ತಿದ್ದವು. ರೇವನ್ ಕಾಗೆಯೊಂದು ಬರೆದಿಟ್ಟ ಹಾಳೆಯನ್ನು ಕದ್ದೊಯ್ದರೆ ಅದು ಕೆರೆಯ ಜೊಂಡಿನ ನಡುವೆ ನೆನೆಯದೆ ಸಿಕ್ಕಿತು. ದೆವ್ವಗಳು ತುಂಬಿದ ಜೌಗು ಎಂದು ಜನ ಹೆದರುತ್ತಿದ್ದ ನೆಲವನ್ನು ಹಕ್ಕಿಗಳ ಮೂಲಕ ಮನುಷ್ಯವಾಸಕ್ಕೆ ಒಗ್ಗಿಸುವ ಕಥೆ ಇದು.

ಹನ್ನೆರಡನೆಯ ಶತಮಾನದ ಕಣ್ಣು

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಹಳೆಯ ಸಂತರಿಗೆ ಹೊಸ ಚರಿತೆಗಳು ಬೇಕಾದವು. ಆಗ ಕಥೆಗಳು ಊರಿಂದೂರಿಗೆ ನಡೆಯತೊಡಗಿದವು. ಸಂತ ವೆರ್ಬರ್ಗ್ ಬೆಳೆ ತಿನ್ನುತ್ತಿದ್ದ ಕಾಡು ಹೆಬ್ಬಾತುಗಳನ್ನು ದನ ಹೊಡೆದಂತೆ ದೊಡ್ಡಿಗೆ ಕೂಡುತ್ತಾಳೆ. ಬೆಳಗ್ಗೆ ಬಿಟ್ಟರೂ ಅವು ಹಾರುವುದಿಲ್ಲ; ಅವುಗಳಲ್ಲಿ ಒಂದನ್ನು ಯಾರೋ ಕದ್ದಿದ್ದಾರೆ. ಅದು ಮರಳಿ ಸಿಕ್ಕ ಮೇಲೆಯೇ ಹಿಂಡು ಹಾರಿಹೋಗುತ್ತದೆ. ಇನ್ನೊಂದು ಪಾಠದಲ್ಲಿ ಆ ಹೆಬ್ಬಾತನ್ನು ಬೇಯಿಸಿ ತಿಂದೇಬಿಟ್ಟಿರುತ್ತಾರೆ, ವೆರ್ಬರ್ಗ್ ಅದಕ್ಕೆ ಮತ್ತೆ ಜೀವ ಕೊಡುತ್ತಾಳೆ. ಚೆಸ್ಟರ್ ಕೆಥೆಡ್ರಲಿನಲ್ಲಿ ಹದಿನಾಲ್ಕನೆಯ ಶತಮಾನದ ಮರದ ಆಸನವೊಂದರ ಅಡಿಯಲ್ಲಿ ಈ ಕಥೆಯ ಕೆತ್ತನೆಯಿದೆ. ಆದರೆ ಇದೇ ಹೆಬ್ಬಾತಿನ ಕಥೆ ಕಡಲಾಚೆಯ ಫ್ಲ್ಯಾಂಡರ್ಸಿನ ಸಂತ ಅಮಲ್ಬರ್ಗಾಳ ಹೆಸರಿನಲ್ಲೂ ಇದೆ.

ಹೀಗೆ ಸಾಲದ ಕಥೆಗಳು ಹೆಚ್ಚುತ್ತಿದ್ದ ಕಾಲದಲ್ಲೇ ಕಣ್ಣಾರೆ ಕಂಡದ್ದನ್ನು ಬರೆಯುವವರೂ ಹುಟ್ಟಿಕೊಂಡರು. ಡರ್ಹಮಿನ ರೆಜಿನಾಲ್ಡ್ ಎಂಬ ಸನ್ಯಾಸಿ 1170ರಲ್ಲಿ ತೀರಿಕೊಂಡ ಗಾಡ್ರಿಕ್ ಎಂಬ ಏಕಾಂತವಾಸಿಯನ್ನು ಬಲ್ಲವನು. ವ್ಯಾಪಾರಿಯಾಗಿ ಕಡಲು ಸುತ್ತಿ, ಕೊನೆಗೆ ಫಿಂಕೇಲಿನ ಹೊಳೆದಂಡೆಯಲ್ಲಿ ನೆಲೆಸಿದ ಗಾಡ್ರಿಕ್, ಬೇಟೆಗಾರರಿಂದ ತಪ್ಪಿಸಿಕೊಂಡು ಬಂದ ಗಂಡು ಜಿಂಕೆಯನ್ನು ಗುಡಿಸಲೊಳಗೆ ಬಚ್ಚಿಟ್ಟ. ಉರಿಯ ಬಳಿ ಬೆಚ್ಚಗೆ ಮಲಗಲು ಹಾವುಗಳಿಗೂ ಜಾಗ ಕೊಟ್ಟಿದ್ದ. ಪ್ರಾರ್ಥನೆಗೆ ಅಡ್ಡಿಯಾಗತೊಡಗಿದಾಗ ಮಾತ್ರ ಹೊರಗೆ ಕಳಿಸಿದ. ಬೇಟೆ ಅರಸರ ಹಕ್ಕಾಗಿ, ಕಾಡಿನ ಕಾನೂನು ಬಡವರ ಬೆನ್ನು ಮುರಿಯುತ್ತಿದ್ದ ಕಾಲದಲ್ಲಿ ಜಿಂಕೆ ಬಚ್ಚಿಟ್ಟ ಕಥೆಯನ್ನು ಕೇಳುವವರು ಬರೀ ಕರುಣೆಯ ಕಥೆಯಾಗಿ ಕೇಳಿರಲಾರರು.

1186ರಲ್ಲಿ ಲಿಂಕನ್ನಿನ ಬಿಷಪ್ ಆದ ಹ್ಯೂನ ಹಂಸ ಇನ್ನೂ ಸ್ವಾರಸ್ಯದ್ದು. ಸ್ಟೋ ಎಂಬಲ್ಲಿನ ಕೊಳಕ್ಕೆ ಬಂದ ದೊಡ್ಡ ಹಂಸವೊಂದು ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಹ್ಯೂನ ಕೈಯಿಂದ ಮಾತ್ರ ತಿನ್ನುತ್ತಿತ್ತು, ಅವನ ಅಂಗಿಯ ಅಗಲ ತೋಳಿನೊಳಗೆ ತಲೆ ತೂರಿಸುತ್ತಿತ್ತು. ಇದನ್ನು ಬರೆದಿಟ್ಟ ವೇಲ್ಸಿನ ಜೆರಾಲ್ಡ್, ಹಕ್ಕಿಯ ಕೊಕ್ಕಿನ ಮೇಲೆ ಸಾಮಾನ್ಯ ಹಂಸಕ್ಕಿರುವ ಕಪ್ಪು ಗುಬುಟು ಇರಲಿಲ್ಲ, ಕೊಕ್ಕು ಹಳದಿಯಾಗಿತ್ತು ಎಂದು ಗುರುತಿಸಿದ್ದಾನೆ. ಈ ಒಂದು ವಾಕ್ಯದ ಬಲದಿಂದ ಅದು ಉತ್ತರದಿಂದ ಚಳಿಗಾಲಕ್ಕೆ ವಲಸೆ ಬರುವ ಹೂಪರ್ ಹಂಸವೆಂದು ಇಂದಿನ ಪಕ್ಷಿತಜ್ಞರು ಹೇಳಬಲ್ಲರು.

ಸಂತರು ಹೋದರು, ಕಲ್ಲು ಉಳಿಯಿತು

1530ರ ದಶಕದಲ್ಲಿ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದ, ಸಂತರ ಸಮಾಧಿಗಳನ್ನು ಒಡೆಸಿದ. ಅಲ್ಲಿಗೆ ಈ ಕಥೆಗಳ ಲ್ಯಾಟಿನ್ ಬಾಳು ಮುಗಿಯಿತು. ಗುಡಿಯಿಂದ ಹೊರಬಿದ್ದ ಸಂತರು ಬಾವಿ, ಬಂಡೆ, ಮರ, ಮಳೆಗಳಲ್ಲಿ ನೆಲೆ ಹುಡುಕಿಕೊಂಡರು. ಮಠದವರು ಬರೆಯುವುದು ನಿಂತ ಮೇಲೆ ಪ್ರಾಚ್ಯಸಂಶೋಧಕರು ಬರೆಯತೊಡಗಿದರು. 1586ರಲ್ಲಿ ವಿಲಿಯಂ ಕ್ಯಾಮ್ಡನ್ ತನ್ನ ‘ಬ್ರಿಟಾನಿಯಾ’ ಗ್ರಂಥವನ್ನು ಪ್ರಕಟಿಸಿದ. ವಿಟ್ಬಿಯ ಹಾವುಗಲ್ಲುಗಳ ಕಥೆ ಆ ಗ್ರಂಥದಲ್ಲಿದೆ. ಸಾಮರ್ಸೆಟ್ ಸೀಮೆಯ ಕೇನ್‌ಶಮ್‌ನಲ್ಲಿ ಸಿಗುವ ಅಂಥದೇ ಕಲ್ಲುಗಳ ಪವಾಡ ಸಂತ ಕೇಯ್ನಾಳ ಹೆಸರಿನಲ್ಲಿರುವುದನ್ನೂ ಆತ ಗುರುತಿಸಿದ್ದಾನೆ. ಎರಡು ಊರು, ಇಬ್ಬರು ಸಂತರು, ಒಂದೇ ಪಳೆಯುಳಿಕೆ. ಹಿಲ್ಡಾ ತೀರಿಕೊಂಡ ಐವತ್ತು ವರ್ಷಕ್ಕೆ, 731ರಲ್ಲಿ, ತನ್ನ ಚರ್ಚಿನ ಇತಿಹಾಸದಲ್ಲಿ ಆಕೆಯ ಬದುಕನ್ನು ವಿವರವಾಗಿ ಬರೆದ ಬೀಡ್‌ನಲ್ಲಿ ಹಾವಿನ ಸುಳಿವೇ ಇಲ್ಲ.

ನಮಗೂ ಈ ಕಲ್ಲು ಹೊಸದಲ್ಲ. ಗಂಡಕಿ ನದಿಯಿಂದ ಬಂದು ಕನ್ನಡ ಮನೆಗಳ ದೇವರಪೆಟ್ಟಿಗೆಯಲ್ಲಿ ಕೂತಿರುವ ಸಾಲಿಗ್ರಾಮಗಳಲ್ಲಿ ಹಲವು ಅಮೋನೈಟ್‌ಗಳೇ. ಅದೇ ಸುರುಳಿಯಲ್ಲಿ ನಮ್ಮವರು ವಿಷ್ಣುವಿನ ಚಕ್ರ ಕಂಡರು, ವಿಟ್ಬಿಯವರು ಕಲ್ಲಾದ ಹಾವನ್ನು ಕಂಡರು.

ಗ್ಲಾಸ್ಟನ್‌ಬರಿಯ ಮುಳ್ಳಿನ ಗಿಡದ ಕಥೆಯೂ ಹೀಗೆ ಬೆಳೆದದ್ದು. ಯೇಸುವಿನ ದೇಹವನ್ನು ಸಮಾಧಿ ಮಾಡಿದ ಅರಿಮಥಾಯದ ಜೋಸೆಫ್ ಇಲ್ಲಿಗೆ ಬಂದು ಊರುಗೋಲು ನೆಟ್ಟನಂತೆ, ಅದು ಚಿಗುರಿ ಕ್ರಿಸ್ಮಸ್ಸಿಗೆ ಹೂಬಿಟ್ಟಿತಂತೆ. ಚಳಿಗಾಲದಲ್ಲೂ ವಸಂತದಲ್ಲೂ ಎರಡು ಸಲ ಹೂ ಬಿಡುವ ಹಾಥಾರ್ನ್ ತಳಿಯೊಂದು ಅಲ್ಲಿರುವುದು ನಿಜ. ಕ್ರಿಸ್ಮಸ್ಸಿಗೆ ಅರಳುವ ಮುಳ್ಳುಗಿಡದ ಉಲ್ಲೇಖ 1520ರ ಒಂದು ಪದ್ಯದಲ್ಲಿ ಸಿಗುತ್ತದೆ. ಊರುಗೋಲಿನ ಪ್ರಸಂಗ ಬರಹದಲ್ಲಿ ಕಾಣಿಸಿಕೊಳ್ಳುವುದು ಹದಿನೆಂಟನೆಯ ಶತಮಾನದ ಆರಂಭದಲ್ಲಿ. ಅಂದರೆ ಮೊದಲು ಗಿಡ, ಆಮೇಲೆ ಕೋಲು. 1752ರಲ್ಲಿ ಸರ್ಕಾರ ಪಂಚಾಂಗದಿಂದ 11 ದಿನ ಕಿತ್ತುಹಾಕಿದಾಗ ಈ ಗಿಡವೇ ನ್ಯಾಯಾಧೀಶನಾಯಿತು. ಬಕಿಂಗ್‌ಹಮ್‌ಶೈರಿನ ಕ್ವೇನ್‌ಟನ್‌ನಲ್ಲಿದ್ದ ಅದರ ಸಂತತಿಯ ಗಿಡದ ಸುತ್ತ ಹೊಸ ಕ್ರಿಸ್ಮಸ್ಸಿನ ಮುನ್ನಾ ರಾತ್ರಿ ಎರಡು ಸಾವಿರಕ್ಕೂ ಹೆಚ್ಚು ಜನ ಕಂದೀಲು ಹಿಡಿದು ಸೇರಿದರೆಂದು ಅಂದಿನ ಪತ್ರಿಕೆ ವರದಿ ಮಾಡಿತು. ಗಿಡ ಅರಳಲಿಲ್ಲ. ಸರ್ಕಾರದ ತಾರೀಕು ಸುಳ್ಳೆಂದು ಜನ ತೀರ್ಮಾನಿಸಿದರು.

ಜಾನಪದ ಶಾಸ್ತ್ರದ ಪ್ರವೇಶ

1846ರಲ್ಲಿ ವಿಲಿಯಂ ಥಾಮ್ಸ್ ‘ಫೋಕ್‌ಲೋರ್’ ಎಂಬ ಪದವನ್ನು ಟಂಕಿಸಿದ. 1878ರಲ್ಲಿ ಲಂಡನ್ನಿನಲ್ಲಿ ಫೋಕ್‌ಲೋರ್ ಸೊಸೈಟಿ ಹುಟ್ಟಿತು. ಆ ತಲೆಮಾರಿನ ವಿದ್ವಾಂಸರ ಮೇಲೆ ಎಡ್ವರ್ಡ್ ಟೈಲರ್ 1871ರಲ್ಲಿ ಮಂಡಿಸಿದ ‘ಉಳಿಕೆ’ಗಳ ಸಿದ್ಧಾಂತದ ಪ್ರಭಾವ ದಟ್ಟವಾಗಿತ್ತು. ಜನರ ನಂಬಿಕೆಗಳೆಲ್ಲ ಯಾವುದೋ ಆದಿಮ ಧರ್ಮದ ಅವಶೇಷ ಎಂಬ ನೋಟದಲ್ಲಿ, ಪ್ರತಿ ಸಂತನ ಮುಸುಕಿನೊಳಗೂ ಹಳೆಯ ದೇವತೆಯೊಂದು ಅಡಗಿರುವಂತೆ ಕಂಡಿತು. ಊರೂರಿನ ಕಥೆಗಳನ್ನು ಶ್ರದ್ಧೆಯಿಂದ ಕೂಡಿಟ್ಟದ್ದು ಆ ಕಾಲದ ದೊಡ್ಡ ಕೊಡುಗೆ. ಕಥೆ ಎಷ್ಟು ಹಳೆಯದು ಎಂದು ದಾಖಲೆ ಕೇಳದಿದ್ದದ್ದು ಅದರ ದೊಡ್ಡ ಕೊರತೆ.

ದಾಖಲೆ ಕೇಳುವ ಕೆಲಸ ಇಪ್ಪತ್ತನೆಯ ಶತಮಾನದಲ್ಲಿ ನಡೆಯಿತು. ಬರ್ಟ್ರಮ್ ಕೊಲ್‌ಗ್ರೇವ್ 1940ರಲ್ಲಿ ಕಥ್‌ಬರ್ಟನ ಎರಡು ಚರಿತೆಗಳನ್ನು, 1956ರಲ್ಲಿ ಗುತ್‌ಲಾಕನ ಚರಿತೆಯನ್ನು ಅನುವಾದದೊಂದಿಗೆ ಸಂಪಾದಿಸಿದರು. ಹೀಗೆ ಮೂಲಗಳು ಕೈಗೆ ಸಿಕ್ಕ ಮೇಲೆ ‘ಪುರಾತನ’ ಎನಿಸಿದ್ದ ಎಷ್ಟೋ ಕಥೆಗಳ ವಯಸ್ಸು ಕುಸಿಯಿತು. ಸಂತ ಸ್ವಿಥನ್ನನದು ಸ್ಪಷ್ಟ ಉದಾಹರಣೆ. ಜುಲೈ 15ರ ಅವನ ಹಬ್ಬದಂದು ಮಳೆಯಾದರೆ ಮುಂದೆ 40 ದಿನ ಮಳೆ ಎಂಬುದು ಇಂಗ್ಲೆಂಡಿನಲ್ಲಿ ಮಕ್ಕಳಿಗೂ ಗೊತ್ತು. 971ರಲ್ಲಿ ವಿಂಚೆಸ್ಟರಿನಲ್ಲಿ ಅವನ ಅಸ್ಥಿಯನ್ನು ಬಯಲಿನ ಗೋರಿಯಿಂದ ಒಳಗೆ ಸಾಗಿಸಿದಾಗ ಅವನು ಅತ್ತು ಮಳೆ ಸುರಿಸಿದನೆಂಬುದು ಅದಕ್ಕೆ ಕೊಡುವ ಕಾರಣ. ಆದರೆ ಆ ಕಾಲದಲ್ಲೇ ಬರೆದ ಲಾಂಟ್‌ಫ್ರೆಡ್‌ನ ಕೃತಿಯಲ್ಲಿ ಅಂಥ ಮಳೆಯೇ ಇಲ್ಲ. ಹವಾಮಾನ ದಾಖಲೆಗಳಲ್ಲೂ ಸಾಲಾಗಿ 40 ದಿನದ ಮಳೆ ಸಿಕ್ಕಿಲ್ಲ. ಹಾಗೆಂದು ಗಾದೆಯನ್ನು ಪೂರಾ ತಳ್ಳಿಹಾಕುವಂತಿಲ್ಲ. ಜುಲೈ ನಡುವಿನ ಹೊತ್ತಿಗೆ ಎತ್ತರದ ಗಾಳಿಪ್ರವಾಹ ಒಂದು ನೆಲೆಗೆ ನಿಂತು, ಅಂದಿನ ಹವೆಯೇ ಕೆಲವು ವಾರ ಮುಂದುವರಿಯುವುದುಂಟು. ರೈತರು ಗಮನಿಸಿದ್ದಕ್ಕೆ ಸಂತನ ಹೆಸರು ಅಂಟಿಕೊಂಡಿತು.

ಲಿಂಡಿಸ್‌ಫಾರ್ನ್ ದಡದಲ್ಲಿ ಸಿಗುವ ‘ಕಥ್‌ಬರ್ಟನ ಮಣಿ’ಗಳೂ ಅಷ್ಟೆ. ಕ್ರಿನಾಯ್ಡ್ ಎಂಬ ಕಡಲಜೀವಿಯ ಕಾಂಡದ ತುಣುಕುಗಳವು, ನಡುವೆ ತೂತಿರುವ ಪುಟ್ಟ ಬಿಲ್ಲೆಗಳು. ಸಂತನೇ ಕೂತು ಇವನ್ನು ಕುಟ್ಟಿ ಮಾಡುತ್ತಾನೆಂಬ ಮಾತನ್ನು ವಾಲ್ಟರ್ ಸ್ಕಾಟ್ 1808ರ ‘ಮಾರ್ಮಿಯನ್’ ಕಾವ್ಯದಲ್ಲಿ ಬಳಸಿ ಜನಪ್ರಿಯಗೊಳಿಸಿದ. ಗ್ಯಾರಿ ಲೇನ್ ಮತ್ತು ವಿಲಿಯಂ ಆಸಿಚ್ ಎಂಬ ಪಳೆಯುಳಿಕೆ ತಜ್ಞರು 2001ರಲ್ಲಿ ಬೆನ್ನುಹತ್ತಿದಾಗ ಆ ಹೆಸರಿನ ದಾಖಲೆ ಹದಿನೇಳನೆಯ ಶತಮಾನಕ್ಕಿಂತ ಹಿಂದೆ ಹೋಗಲಿಲ್ಲ. ಜೆನಿಫರ್ ವೆಸ್ಟ್‌ವುಡ್ ಮತ್ತು ಜಾಕ್ವೆಲಿನ್ ಸಿಂಪ್ಸನ್ 2005ರಲ್ಲಿ ಇಂಗ್ಲೆಂಡಿನ ಐತಿಹ್ಯಗಳನ್ನು ಸೀಮೆವಾರು ಜೋಡಿಸಿದ ‘ದ ಲೋರ್ ಆಫ್ ದ ಲ್ಯಾಂಡ್’ ಇದೇ ಎಚ್ಚರದ ಫಲ.

ನಮ್ಮ ಕಾಲದ ಸಂತ

1934ರಲ್ಲಿ ಹೆಲೆನ್ ವಾಡೆಲ್ ಲ್ಯಾಟಿನ್ ಕಥೆಗಳನ್ನು ಆಯ್ದು ‘ಬೀಸ್ಟ್ಸ್ ಆಂಡ್ ಸೇಂಟ್ಸ್’ ಎಂಬ ಸೊಗಸಾದ ಅನುವಾದ ಕೊಟ್ಟರು. ಸಾಮಾನ್ಯ ಓದುಗರು ಈ ಲೋಕಕ್ಕೆ ಕಾಲಿಟ್ಟದ್ದು ಆ ಬಾಗಿಲಿನಿಂದ. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರರು ಪರಿಸರ ಬಿಕ್ಕಟ್ಟಿನ ಬೇರು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿದೆ ಎಂದು ವಾದಿಸಿದ ಮೇಲೆ, ಸಂತರ ಪ್ರಾಣಿಕಥೆಗಳು ಆ ವಾದಕ್ಕೆ ಉತ್ತರವೆಂಬಂತೆ ಹೊಸ ಬೆಲೆ ಪಡೆದವು. ಡಾಮಿನಿಕ್ ಅಲೆಕ್ಸಾಂಡರ್ ಅವರ 2008ರ ಅಧ್ಯಯನ ಈ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕಿ, ಮಠದ ಸಾಹಿತ್ಯಪರಂಪರೆ ಮತ್ತು ಜನರ ಕಥೆಗಳ ನಡುವಿನ ಕೊಡುಕೊಳ್ಳುವಿಕೆಯತ್ತ ಗಮನ ತಿರುಗಿಸಿತು.

ನಮ್ಮ ಕಾಲವೂ ತನ್ನ ಐತಿಹ್ಯವನ್ನು ಕಟ್ಟದೆ ಬಿಟ್ಟಿಲ್ಲ. ಫಾರ್ನ್ ದ್ವೀಪದಲ್ಲಿ ಗೂಡು ಕಟ್ಟುವ ಈಡರ್ ಬಾತುಗಳನ್ನು ಅಲ್ಲಿನವರು ‘ಕಡ್ಡಿ ಬಾತು’ ಎನ್ನುತ್ತಾರೆ. ನಮ್ಮ ಕಡ್ಡಿಗೂ ಅದಕ್ಕೂ ಸಂಬಂಧವಿಲ್ಲ, ‘ಕಡ್ಡಿ’ ಎಂದರೆ ಕಥ್‌ಬರ್ಟನಿಗೆ ಅಕ್ಕರೆಯ ಕಿರುಹೆಸರು. 676ರಲ್ಲಿ ಆತ ಈ ಬಾತುಗಳಿಗಾಗಿ ಜಗತ್ತಿನ ಮೊದಲ ಪಕ್ಷಿರಕ್ಷಣಾ ಕಾನೂನು ಮಾಡಿದನೆಂದು ಪ್ರವಾಸಿ ಬರಹಗಳಲ್ಲಿ ಧಾರಾಳವಾಗಿ ಓದಸಿಗುತ್ತದೆ. ಬೀಡ್‌ನಲ್ಲಿ ಈಡರ್ ಬಾತು ಇಲ್ಲ, ಕಾನೂನೂ ಇಲ್ಲ. ಬಾತುಗಳು ಬರುವುದು ಐನೂರು ವರ್ಷ ತಡವಾಗಿ, ರೆಜಿನಾಲ್ಡನಲ್ಲಿ. ಏಕಾಂತವಾಸಿಯೊಬ್ಬನ ಸೇವಕ ಕದ್ದು ಬಾತನ್ನು ತಿಂದು ಮೂಳೆಗಳನ್ನು ಕಡಲಿಗೆಸೆದರೆ, ಅಲೆಗಳು ಅವನ್ನು ಗುಡಿಯ ಬಾಗಿಲಿಗೇ ತಂದು ಹಾಕುತ್ತವೆ. ದ್ವೀಪದಲ್ಲಿ ಆ ಹಕ್ಕಿಯನ್ನು ಮುಟ್ಟಬಾರದೆಂಬ ಕಟ್ಟುಪಾಡು ಹನ್ನೆರಡನೆಯ ಶತಮಾನದಲ್ಲಿತ್ತು ಎನ್ನಲು ಇಷ್ಟು ಸಾಕು.

ಇದನ್ನು ಬರೆದ ರೆಜಿನಾಲ್ಡನಿಗೆ ಆ ಬಾತುಗಳು ಮನುಷ್ಯರಿಗೆ ಅಂಜುವುದಿಲ್ಲ ಎಂಬುದೂ ಗೊತ್ತಿತ್ತು, ಅದನ್ನು ಸಂತನ ಮಹಿಮೆ ಎಂದ. ಮೊಟ್ಟೆಗೆ ಕೂತ ಹೆಣ್ಣು ಈಡರ್ ಯಾರಾದರೂ ತೀರ ಹತ್ತಿರ ಬಂದರೂ ಕದಲದೆ ಕೂರುವುದು ಅದರ ಹುಟ್ಟುಗುಣ ಎಂದು ನಾವು ಹೇಳುತ್ತೇವೆ. 1925ರಿಂದ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿರುವ ಆ ದ್ವೀಪದಲ್ಲಿ ಇಂದಿಗೂ ಬೇಸಿಗೆಯಲ್ಲಿ ಬಾತು ಕಾವು ಕೂರುತ್ತದೆ. ಪ್ರವಾಸಿಗರು ಪಕ್ಕದಲ್ಲೇ ಹಾದುಹೋಗುತ್ತಾರೆ, ಅದು ಏಳುವುದಿಲ್ಲ.