ಪ್ರಯೋಗದ ಉಳಿದ ಅರ್ಧ

ನಮ್ಮ ಶಾಲೆಯಲ್ಲಿ ನೋಡಿದ ಪ್ರಯೋಗಗಳಲ್ಲಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿರುವುದು ನೀರಿನ ವಿದ್ಯುದ್ವಿಭಜನೆ. ಹಳೆಯ ಟಾರ್ಚ್ ಸೆಲ್ ಒಡೆದು ತೆಗೆದ ಎರಡು ಕಾರ್ಬನ್ ಕಡ್ಡಿ, ತುಸು ಆಮ್ಲ ಬೆರೆಸಿದ ನೀರು, ಒಂದು ಬ್ಯಾಟರಿ. ಒಂದು ನಳಿಕೆಯಲ್ಲಿ ಜಲಜನಕ, ಇನ್ನೊಂದರಲ್ಲಿ ಅದರ ಅರ್ಧದಷ್ಟು ಆಮ್ಲಜನಕ. ಹಿಂದಿನ ಬೆಂಚಿನ ಗೆಳೆಯನೊಬ್ಬ, "ಸರ್, ಇವೆರಡೂ ಮತ್ತ ಕೂಡಿದ್ರ ಕರೆಂಟ್ ವಾಪಸ್ ಬರ್ತೈತೇನ್ರೀ?" ಎಂದು ಕೇಳಿದ. ನಾವೆಲ್ಲ ನಕ್ಕೆವು. ಗುರುಗಳು ನಗಲಿಲ್ಲ. "ಬರ್ತೈತಿ, ಆದ್ರ ಅದಕ್ಕ ಪ್ಲಾಟಿನಂ ಛಲೋ. ಮುಂದ ಓದಿ ತಿಳ್ಕೋ" ಎಂದರು.

ಆ ಗೆಳೆಯ ಕೇಳಿದ ಪ್ರಶ್ನೆಗೆ ಇನ್ನೂರು ವರ್ಷಗಳ ಇತಿಹಾಸವಿದೆ.

1817ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಅವರು, ಬಿಸಿ ಪ್ಲಾಟಿನಂ ತಂತಿಯು ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಜ್ವಾಲೆಯಿಲ್ಲದೆಯೇ ಕೆಂಪಗೆ ಹೊಳೆಯುತ್ತಿರುವುದನ್ನು ಕಂಡರು. 1823ರಲ್ಲಿ ಜರ್ಮನಿಯ ಯೇನಾದಲ್ಲಿ ಡೋಬರೈನರ್ ಅವರು ಪ್ಲಾಟಿನಂ ಸ್ಪಂಜಿನ ಮೇಲೆ ಜಲಜನಕ ಹಾಯಿಸಿದಾಗ ಅದು ತಾನಾಗಿಯೇ ಹೊತ್ತಿಕೊಂಡಿತು. ಪ್ಲಾಟಿನಂ ಮಾತ್ರ ಕರಗಲಿಲ್ಲ, ಸವೆಯಲಿಲ್ಲ. 1834ರಲ್ಲಿ ಮೈಕೆಲ್ ಫ್ಯಾರಡೆ ಇದಕ್ಕೆ ಕಾರಣ ಸೂಚಿಸಿದರು: ಅನಿಲಗಳು ಲೋಹದ ಮೇಲ್ಮೈಗೆ ಅಂಟಿಕೊಂಡು ಹತ್ತಿರವಾಗುತ್ತವೆ, ಮೇಲ್ಮೈ ಮಾತ್ರ ಸ್ವಚ್ಛವಾಗಿರಬೇಕು. ಹೀಗೆ ಅಂಟುವುದಕ್ಕೆ ಇಂದು ಅಧಿಶೋಷಣೆ ಎನ್ನುತ್ತೇವೆ.

ವಿದ್ಯುತ್ತನ್ನು ವಾಪಸ್ ಪಡೆದವರು ವೇಲ್ಸ್‌ನ ವಿಲಿಯಂ ಗ್ರೋವ್. ಅವರು ವೃತ್ತಿಯಿಂದ ವಕೀಲರು. ಆಮ್ಲದಲ್ಲಿ ಅರ್ಧ ಮುಳುಗಿದ ಪ್ಲಾಟಿನಂ ಪಟ್ಟಿಗಳಿಗೆ ಜಲಜನಕ, ಆಮ್ಲಜನಕ ಮುಟ್ಟಿಸಿದಾಗ ವಿದ್ಯುತ್ ಹರಿಯಿತು. 1839ರಲ್ಲಿ ಇದನ್ನು ಪ್ರಕಟಿಸಿದರು. 1842ರಲ್ಲಿ ಇಂಥ ಹಲವು ಕೋಶಗಳನ್ನು ಜೋಡಿಸಿ, ಅದರ ವಿದ್ಯುತ್ತಿನಿಂದಲೇ ಬೇರೆ ಪಾತ್ರೆಯ ನೀರನ್ನು ಒಡೆದು ತೋರಿಸಿದರು. ಇದೇ ಇಂಧನ ಕೋಶದ ಮೂಲ.

ಪ್ಲಾಟಿನಂ ಮೇಲೆ ನಡೆಯುವುದನ್ನು ನಮ್ಮೂರಿನವರು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ನಮ್ಮ ಎ.ಪಿ.ಎಂ.ಸಿ. ಅಂಗಳವನ್ನು ನೆನೆಯಿರಿ. ಚೀಲಗಳು ಬಂದು ಇಳಿಯುತ್ತವೆ, ವ್ಯವಹಾರ ಮುಗಿಯುತ್ತದೆ, ಮಾಲು ಹೊರಡುತ್ತದೆ. ಅಂಗಳ ಹಾಗೆಯೇ ಇರುತ್ತದೆ. ಜಲಜನಕದ ಅಣು ಪ್ಲಾಟಿನಂ ಮೇಲೆ ಇಳಿದು ಎರಡು ಪರಮಾಣುಗಳಾಗಿ ಒಡೆಯುತ್ತದೆ. ಪ್ರತಿ ಪರಮಾಣು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ದ್ರಾವಣಕ್ಕೆ ಸೇರುತ್ತದೆ. ಆ ಎಲೆಕ್ಟ್ರಾನುಗಳು ತಂತಿಯಲ್ಲಿ ಹರಿದು ಆಚೆ ಬದಿಗೆ ಹೋಗಿ, ಅಲ್ಲಿ ಆಮ್ಲಜನಕ ನೀರಾಗುತ್ತದೆ. ಅಂಗಳದಲ್ಲಿ ಯಾರೋ ಕಲ್ಲು ಸುರಿದು ಹೋದರೆ ವ್ಯಾಪಾರ ನಿಲ್ಲುವಂತೆ, ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂ ಮೇಲೆ ಬಿಗಿಯಾಗಿ ಕೂತರೆ ಜಲಜನಕಕ್ಕೆ ಜಾಗವಿರುವುದಿಲ್ಲ.

ಆಮ್ಲಜನಕದ ಕೆಲಸ ನಿಧಾನ. ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನು ಬೇಕು. ಅದು ಪ್ಲಾಟಿನಂ ಅನ್ನು ಸುಲಭವಾಗಿ ಬಿಡುವುದೂ ಇಲ್ಲ. ಲೆಕ್ಕದ ಪ್ರಕಾರ ಒಂದು ಕೋಶದಿಂದ 1.23 ವೋಲ್ಟ್ ಸಿಗಬೇಕು; ಕೆಲಸಕ್ಕೆ ಹಚ್ಚಿದಾಗ ಸಿಗುವುದು ಸಾಮಾನ್ಯವಾಗಿ 0.6ರಿಂದ 0.7. ಈ ನಷ್ಟ ಮತ್ತು ಪ್ಲಾಟಿನಂ ಬೆಲೆ, ಇವೆರಡೂ ವಿಜ್ಞಾನಿಗಳನ್ನು ಇಂದಿಗೂ ಕಾಡುತ್ತಿವೆ.

ಗ್ರೋವ್ ಅವರ ಕೋಶ ಬಾಹ್ಯಾಕಾಶಕ್ಕೆ ಹೋಗಲು ಶತಮಾನವೇ ಬೇಕಾಯಿತು. 1965ರಲ್ಲಿ ಅಮೆರಿಕದ ಜೆಮಿನಿ 5 ನೌಕೆಯಲ್ಲಿ ಇಂಧನ ಕೋಶ ಕೆಲಸ ಮಾಡಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನಮ್ಮ ಇಸ್ರೋ, 2024ರ ಜನವರಿ 1ರಂದು ಪಿ.ಎಸ್.ಎಲ್.ವಿ. ಸಿ58 ರಾಕೆಟ್‌ನಲ್ಲಿ 100 ವ್ಯಾಟ್ ದರ್ಜೆಯ ಇಂಧನ ಕೋಶವನ್ನು ಕಳಿಸಿತು. ಕಕ್ಷೆಯಲ್ಲಿ ನಡೆದ ಪರೀಕ್ಷೆಯಲ್ಲಿ ಅದು 180 ವ್ಯಾಟ್ ವಿದ್ಯುತ್ ಕೊಟ್ಟಿತು.

ಆ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಗೆಳೆಯ. ಎಸ್.ಎಸ್.ಎಲ್.ಸಿ. ಆದ ಮೇಲೆ ಮನೆಯ ಪರಿಸ್ಥಿತಿಯಿಂದ ಓದು ಬಿಟ್ಟು ಹಮಾಲಿ ಕೆಲಸಕ್ಕೆ ಸೇರಿದ. ನಕ್ಕ ನಾನು ಬಿ.ಇ. ಮಾಡಿದೆ. ಕಳೆದ ಜಾತ್ರೆಯಲ್ಲಿ ಸಿಕ್ಕಾಗ ಹೇಳಿದೆ: "ನೀ ಕೇಳಿದ್ದು ಖರೇ ಇತ್ತು." ಅವನಿಗೆ ಪ್ರಶ್ನೆ ನೆನಪಿತ್ತು; ನಾವು ನಕ್ಕದ್ದೂ ನೆನಪಿತ್ತು.

ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಗುರುಗಳಲ್ಲಿ ಮತ್ತು ಮಕ್ಕಳಲ್ಲಿ ನನ್ನದೊಂದೇ ವಿನಂತಿ. ಆ ಪ್ರಯೋಗ ಮಾಡಿದಾಗ ಅಷ್ಟಕ್ಕೇ ನಿಲ್ಲಿಸಬೇಡಿ. ಬ್ಯಾಟರಿ ತೆಗೆದು, ಕಡ್ಡಿಗಳಿಗೆ ಮಲ್ಟಿಮೀಟರ್ ಜೋಡಿಸಿ. ಕಾರ್ಬನ್ನಿಗೆ ಅಂಟಿದ ಅನಿಲದಿಂದಲೂ ಸ್ವಲ್ಪ ಹೊತ್ತು ವೋಲ್ಟೇಜ್ ಕಾಣುತ್ತದೆ, ನಂತರ ಇಳಿಯುತ್ತದೆ. ಯಾಕೆ ಇಳಿಯಿತು ಎಂದು ಯಾರಾದರೂ ಕೇಳಿದರೆ, ದಯವಿಟ್ಟು ನಗಬೇಡಿ.