ಚಿತ್ರ ಮೊದಲೇ ಬರೆದಾಗಿತ್ತು, ಆಟ ಆಮೇಲೆ

ರಾಯಚೂರಿನಿಂದ ಮಾನ್ವಿ, ದೇವದುರ್ಗದವರೆಗೆ ಇವತ್ತು ಹುಡುಗರು ಫೋನಿನಲ್ಲಿ ಆಡುವ ಗೇಮುಗಳಲ್ಲಿ ಬೆರಳು ಸರಿದ ಕಡೆ ಗೊಂಬೆ ಓಡುತ್ತದೆ. ಫೋನು ಆ ಚಿತ್ರವನ್ನು ಆ ಕ್ಷಣದಲ್ಲೇ ಬರೆಯುತ್ತದೆ. 1983ರ ಯಂತ್ರಗಳಿಗೆ ಅಷ್ಟು ಕಸುವಿರಲಿಲ್ಲ. ಅವು ಬರೆಯುತ್ತಿದ್ದದ್ದು ಚೌಕ ಚೌಕದ ಒರಟು ಚಿತ್ರ. ಆಗ ಅಮೆರಿಕದಲ್ಲೊಂದು ಉಪಾಯ ಹೊಳೆಯಿತು: ಚಿತ್ರವನ್ನು ಮೊದಲೇ ಬರೆದಿಟ್ಟರೆ?

ಆ ವರ್ಷದ ಜೂನ್‌ನಲ್ಲಿ ಬಂದ ‘ಡ್ರ್ಯಾಗನ್ಸ್ ಲೇರ್’ ಆಟಕ್ಕೆ, ಡಿಸ್ನಿ ಬಿಟ್ಟು ಬಂದಿದ್ದ ಡಾನ್ ಬ್ಲೂತ್ ತಂಡ ಸುಮಾರು 22 ನಿಮಿಷದ ಕಾರ್ಟೂನನ್ನು ಕೈಯಲ್ಲೇ ಬರೆಯಿತು. ಅದನ್ನು ಊಟದ ಗಂಗಾಳದಷ್ಟು ಅಗಲದ ಲೇಸರ್‌ಡಿಸ್ಕಿಗೆ ತುಂಬಿದರು. ಡಿಸ್ಕಿನ ಪ್ರತಿ ಚಿತ್ರಕ್ಕೂ ಒಂದು ನಂಬರ್. ಒಂದು ಬದಿಗೆ 54,000 ಚಿತ್ರ ಹಿಡಿಸುತ್ತಿತ್ತು. ಸರಿಯಾದ ಹೊತ್ತಿಗೆ ಜಾಯ್‌ಸ್ಟಿಕ್ ಎಳೆದರೆ ಕಂಪ್ಯೂಟರ್ ಗೆದ್ದ ದೃಶ್ಯದ ನಂಬರಿಗೆ ಜಿಗಿಯುತ್ತಿತ್ತು. ತಪ್ಪಿದರೆ ಸತ್ತ ದೃಶ್ಯಕ್ಕೆ. ನಡುವೆ ಪರದೆ ಒಂದು ಗಳಿಗೆ ಕಪ್ಪು. ನಮ್ಮ ತೊಗಲುಗೊಂಬೆಯೂ ಮೊದಲೇ ಬರೆದ ಚಿತ್ರವೇ; ಆದರೆ ಆಡಿಸುವವರು ಜನರ ನಗು ನೋಡಿ ಮಾತು ಬದಲಿಸುತ್ತಾರೆ. ಡಿಸ್ಕಿಗೆ ಅದು ಬಾರದು.

ಸ್ಟರ್ನ್ ಕಂಪನಿ ಚಿತ್ರ ಬರೆಸುವ ಗೋಜಿಗೇ ಹೋಗಲಿಲ್ಲ. ಅದರ ‘ಕ್ಲಿಫ್ ಹ್ಯಾಂಗರ್’ ಜಪಾನಿನ ಲುಪಿನ್ ಸಿನಿಮಾಗಳ ತುಣುಕು ಜೋಡಿಸಿ ಕಟ್ಟಿದ ಆಟ. ಅದರಲ್ಲೊಂದು ಹಯಾವೊ ಮಿಯಾಝಾಕಿಯವರ 1979ರ ಚಿತ್ರ. ನಾಯಕನ ಹೆಸರು ಕ್ಲಿಫ್ ಎಂದಾಯಿತು, ಬೆವರು ಮಾತ್ರ ಜಪಾನಿನ ಕಲಾವಿದರದೇ.

ಬೇರೆ ಆಟಕ್ಕೆ 25 ಸೆಂಟ್ ಇದ್ದಾಗ ‘ಡ್ರ್ಯಾಗನ್ಸ್ ಲೇರ್’ಗೆ 50. ಹೊಸಬರ ದುಡ್ಡು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ಹಗಲೆಲ್ಲ ಹಿಂದೆ ಮುಂದೆ ಜಿಗಿದು ಪ್ಲೇಯರ್‌ಗಳೂ ಕೆಡತೊಡಗಿದವು. ಯಾವಾಗ ಎತ್ತ ಎಳೆಯಬೇಕೆಂದು ಬಾಯಿಪಾಠ ಮಾಡಿದವರಿಗಂತೂ ಮತ್ತೊಂದು ನಾಣ್ಯ ಹಾಕಲು ಕಾರಣವೇ ಉಳಿಯಲಿಲ್ಲ.