ಸೈಕಲ್ ಕಡ್ಡಿಗಳೂ ಕಟ್ಟುಕಥೆಗಳೂ

ನಿಮ್ಮ ಮನೆಯ ಹಿತ್ತಲಲ್ಲೋ ಜಗಲಿಯ ಮೂಲೆಯಲ್ಲೋ ಹಳೆಯ ಕಾಲದ ಕಪ್ಪು ಸೈಕಲ್ ಒಂದಿದ್ದರೆ ಅದರ ಚಕ್ರದ ಕಡ್ಡಿಗಳನ್ನು ಎಣಿಸಿ ನೋಡಿ. ಮುಂದಿನ ಚಕ್ರದಲ್ಲಿ 32, ಹಿಂದಿನದರಲ್ಲಿ 40 ಇರುತ್ತವೆ. ಸವಾರನ ಭಾರ, ಕ್ಯಾರಿಯರ್ ಮೇಲಿನ ಮೂಟೆಯ ಭಾರ ಹೆಚ್ಚಾಗಿ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಅಲ್ಲಿ ಎಂಟು ಕಡ್ಡಿ ಹೆಚ್ಚು. ಒಂದೊಂದು ಕಡ್ಡಿಯೂ ಸುಮಾರು 2 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ. ಬಿಡಿಯಾಗಿ ಹಿಡಿದು ಒತ್ತಿದರೆ ಮಗುವಿನ ಕೈಯಲ್ಲೂ ಬಾಗುತ್ತದೆ. ಇಂಥ ಕಡ್ಡಿಗಳೇ ಇಬ್ಬರು ಮನುಷ್ಯರನ್ನೂ ಒಂದು ಅಕ್ಕಿ ಮೂಟೆಯನ್ನೂ ಹೊರುತ್ತವೆ. ಇದು ಹೇಗೆ ಸಾಧ್ಯ? ಇದನ್ನು ಮೊದಲು ಕಂಡುಹಿಡಿದವರು ಯಾರು? ಮೊದಲನೆಯ ಪ್ರಶ್ನೆಗೆ ಉತ್ತರ ಚಕ್ರದಲ್ಲೇ ಇದೆ. ಎರಡನೆಯದಕ್ಕೆ ಉತ್ತರ ಹುಡುಕಹೊರಟರೆ ಇತಿಹಾಸದ ಜೊತೆಗೆ ಒಂದಷ್ಟು ಕಟ್ಟುಕಥೆಗಳೂ ಎದುರಾಗುತ್ತವೆ.

ಮೊದಲು ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳೋಣ. ಅದರಲ್ಲಿ ನಡುವಿನ ಗುಂಭದಿಂದ ಸುತ್ತಿನ ಪಟ್ಟಿಯವರೆಗೆ ಮರದ ಅರಗಳಿರುತ್ತವೆ. ಗಾಡಿಯ ಭಾರ ಅಚ್ಚಿನ ಮೂಲಕ ಗುಂಭಕ್ಕೆ, ಗುಂಭದಿಂದ ಆ ಕ್ಷಣದಲ್ಲಿ ನೆಲದ ಕಡೆಗಿರುವ ಅರಗಳಿಗೆ ಇಳಿಯುತ್ತದೆ. ಅರ ಇಲ್ಲಿ ಒಂದು ಕಂಬ. ಕಂಬ ದಪ್ಪವಾಗಿರಲೇಬೇಕು. ಆದ್ದರಿಂದ ಚಕ್ರ ಭಾರವಾಗಿರಲೇಬೇಕು.

ಜರ್ಮನಿಯ ಮಾನ್‌ಹೈಮ್ ನಗರದಲ್ಲಿ 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ವಾಹನವನ್ನೇರಿ, ಕಾಲಿನಿಂದ ನೆಲವನ್ನು ಒದೆಯುತ್ತ ಸವಾರಿ ಮಾಡಿದ. ಸೈಕಲ್ಲಿನ ಮೂಲಪುರುಷನೆಂದು ಇತಿಹಾಸಕಾರರು ಒಪ್ಪಿರುವುದು ಇವನನ್ನೇ. ಅವನ ಗಾಡಿಗೆ ಇದ್ದದ್ದು ಇಂಥ ಮರದ ಚಕ್ರಗಳೇ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಚಕ್ರಕ್ಕೆ ಪೆಡಲು ಬಂದಾಗಲೂ ಚಕ್ರ ಮರದ್ದೇ, ಅದರ ಮೇಲೆ ಕಬ್ಬಿಣದ ಪಟ್ಟಿ. ಕಲ್ಲುಹಾಸಿನ ಬೀದಿಯಲ್ಲಿ ಅದು ಸವಾರನ ಮೈಯನ್ನು ಎಷ್ಟು ಕುಲುಕುತ್ತಿತ್ತೆಂದರೆ, ಇಂಗ್ಲಿಷರು ಅದಕ್ಕೆ ಮೂಳೆ ಅಲ್ಲಾಡಿಸುವ ಗಾಡಿ ಎಂದೇ ಅಡ್ಡಹೆಸರಿಟ್ಟರು.

ನೂಕುವ ಬದಲು ಎಳೆಯುವುದು

ಚಕ್ರದ ಅರ ಕಂಬವಾಗಿಯೇ ಇರಬೇಕೇ, ಹಗ್ಗವಾಗಿದ್ದರೆ ಆಗದೇ ಎಂಬ ಆಲೋಚನೆ ಮೊದಲು ಹೊಳೆದದ್ದು ಸೈಕಲ್ ಮಾಡುವವನಿಗಲ್ಲ. ಹಾರುವ ಯಂತ್ರದ ಕನಸು ಕಾಣುತ್ತಿದ್ದ ಜಾರ್ಜ್ ಕೇಲಿ ಎಂಬ ಇಂಗ್ಲಿಷ್ ಗೃಹಸ್ಥನಿಗೆ. ತನ್ನ ಯಂತ್ರ ನೆಲದ ಮೇಲೆ ಓಡಲು ತೀರಾ ಹಗುರವಾದ ಚಕ್ರ ಬೇಕಾಗಿ, 1808ರಲ್ಲಿ ಆತ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬಿಗಿದ ಹುರಿಗಳ ಚಕ್ರವೊಂದರ ಚಿತ್ರ ಬರೆದ. ಆ ಕಲ್ಪನೆಯನ್ನು ಸೈಕಲ್ಲಿಗೆ ತಂದವನು ಪ್ಯಾರಿಸ್ಸಿನ ಕುಶಲಕರ್ಮಿ ಯುಜೀನ್ ಮೇಯರ್. ಒಂದೊಂದನ್ನೂ ಬೇರೆ ಬೇರೆಯಾಗಿ ಬಿಗಿಮಾಡಬಹುದಾದ ತಂತಿ ಕಡ್ಡಿಗಳ ಚಕ್ರಕ್ಕೆ ಅವನು 1869ರಲ್ಲಿ ಪೇಟೆಂಟ್ ಪಡೆದ. ಇಂದು ನಮ್ಮ ಬೀದಿಯಲ್ಲಿ ಓಡುವ ಸೈಕಲ್ಲಿನ ಚಕ್ರ ಮೂಲತಃ ಇದೇ.

ಮರುವರ್ಷವೇ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡಿತು. ಫ್ರಾನ್ಸಿನ ಸೈಕಲ್ ಉದ್ಯಮ ಕುಸಿದು, ಅದರ ಕೇಂದ್ರ ಇಂಗ್ಲೆಂಡಿನ ಕಾವೆಂಟ್ರಿ ನಗರಕ್ಕೆ ಸರಿಯಿತು. ಅಲ್ಲಿ ಹೊಲಿಗೆ ಯಂತ್ರ ತಯಾರಿಸುತ್ತಿದ್ದ ಜೇಮ್ಸ್ ಸ್ಟಾರ್ಲಿ, ವಿಲಿಯಂ ಹಿಲ್‌ಮನ್ನನ ಜೊತೆಗೂಡಿ 1870ರಲ್ಲಿ ಏರಿಯಲ್ ಎಂಬ ಸೈಕಲ್ಲಿಗೆ ಪೇಟೆಂಟ್ ಪಡೆದ. ಅದರದೂ ತಂತಿ ಕಡ್ಡಿಗಳ ಚಕ್ರ. ಚಕ್ರ ಹಗುರವಾದ ಮೇಲೆ ಅದನ್ನು ಎಷ್ಟು ಬೇಕಾದರೂ ದೊಡ್ಡದು ಮಾಡಬಹುದಿತ್ತು. ಸವಾರನ ಕಾಲಿನ ಉದ್ದವೊಂದೇ ಅದಕ್ಕೆ ಮಿತಿ. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟಾಣಿ ಚಕ್ರ ಇರುವ ಆ ವಿಚಿತ್ರ ಸೈಕಲ್ಲಿನ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಅದು ಹುಟ್ಟಿದ್ದು ಹೀಗೆ.

ಆದರೆ ಒಂದು ತೊಡಕಿತ್ತು. ಸೂರ್ಯನ ಕಿರಣಗಳಂತೆ ನೇರವಾಗಿ ನಿಂತ ಕಡ್ಡಿಗಳು ಭಾರ ಹೊರಬಲ್ಲವು. ಪೆಡಲು ತುಳಿದಾಗ ಗುಂಭ ತಿರುಚಿಕೊಳ್ಳುವುದನ್ನು ತಡೆಯಲಾರವು. ಇದಕ್ಕೆ ಸ್ಟಾರ್ಲಿ 1874ರಲ್ಲಿ ಪರಿಹಾರ ಕಂಡುಕೊಂಡ. ಕಡ್ಡಿಗಳನ್ನು ಗುಂಭದ ಅಂಚಿನಿಂದ ಓರೆಯಾಗಿ, ಅರ್ಧ ಮುಂದಕ್ಕೆ ಅರ್ಧ ಹಿಂದಕ್ಕೆ, ಒಂದನ್ನೊಂದು ಹಾಯುವಂತೆ ಹೆಣೆದ. ತುಳಿದಾಗ ಒಂದು ಗುಂಪು ಬಿಗಿಯುತ್ತದೆ, ಇನ್ನೊಂದು ಸಡಿಲುತ್ತದೆ, ಚಕ್ರ ಮುಂದೆ ಸಾಗುತ್ತದೆ. 1885ರಲ್ಲಿ ಅವನ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಹಿಂಚಕ್ರಕ್ಕೆ ಚೈನು ಹಾಕಿದ ರೋವರ್ ಸೈಕಲ್ ತಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಅದೇ ಬಗೆಯ ಟೈರಿಗೆ ರಾಬರ್ಟ್ ತಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ ಸಂಗತಿ ಆಮೇಲೆ ಹೊರಬಿದ್ದು ಡನ್‌ಲಪ್‌ನ ಪೇಟೆಂಟ್ ಊರ್ಜಿತವಾಗದೆ ಹೋಯಿತು. ಹೆಸರು ಮಾತ್ರ ಅವನದೇ ಉಳಿಯಿತು.

ನಿಂತಿದೆಯೋ, ತೂಗಿದೆಯೋ?

ಚಕ್ರ ಬಳಕೆಗೆ ಬಂದು ನೂರು ವರ್ಷ ಕಳೆದರೂ ಅದು ಕೆಲಸ ಮಾಡುವ ರೀತಿಯ ಬಗ್ಗೆ ಸೈಕಲ್ ಪ್ರಿಯರ ಜಗಳ ಮುಗಿದಿರಲಿಲ್ಲ. ತಂತಿ ನೂಕಲಾರದು, ಎಳೆಯಬಲ್ಲದು ಅಷ್ಟೆ. ಆದ್ದರಿಂದ ಗುಂಭವು ಮೇಲಿನ ಕಡ್ಡಿಗಳಿಂದ ತೊಟ್ಟಿಲಿನಂತೆ ತೂಗಿಕೊಂಡಿರಬೇಕು ಎಂಬುದು ಬಹುಜನರ ವಾದ. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಒಂದು ಪುಸ್ತಕ ಬರೆದು, ಲೆಕ್ಕ ಹಾಕಿ ತೋರಿಸಿದ್ದು ಇದಕ್ಕೆ ತದ್ವಿರುದ್ಧ: ಚಕ್ರ ನಿಂತಿರುವುದು ಕೆಳಗಿನ ಕಡ್ಡಿಗಳ ಮೇಲೆಯೇ!

ಕೇಳಿದೊಡನೆ ಅಸಂಬದ್ಧವೆನಿಸುವ ಈ ಮಾತನ್ನು ಹಗ್ಗಜಗ್ಗಾಟದ ಉದಾಹರಣೆಯಿಂದ ತಿಳಿಯಬಹುದು. ಎರಡೂ ಕಡೆ ಸಮಬಲ ಇದ್ದಾಗ ಹಗ್ಗದ ನಡುವಿನ ಗಂಟು ಅಲ್ಲಾಡುವುದಿಲ್ಲ. ಈಗ ಯಾರೋ ಒಬ್ಬ ಆ ಗಂಟನ್ನು ಹಿಡಿದು ಎಡಕ್ಕೆ ತಳ್ಳುತ್ತಾನೆ ಎನ್ನಿ. ಎಡಗಡೆಯವರು ಅಷ್ಟೇ ಪ್ರಮಾಣದಲ್ಲಿ ತಮ್ಮ ಎಳೆತ ತಗ್ಗಿಸಿದರೆ ಗಂಟು ಇದ್ದಲ್ಲೇ ಇರುತ್ತದೆ. ಅವನ ಬಲವನ್ನು ತಡೆದಂತಾದದ್ದು ಎಡಗಡೆಯ ಸಡಿಲಿಕೆಯಿಂದ. ಚಕ್ರದಲ್ಲೂ ಹೀಗೆಯೇ. ಚೆನ್ನಾಗಿ ಕಟ್ಟಿದ ಚಕ್ರದ ಒಂದೊಂದು ಕಡ್ಡಿಯೂ ಸುಮಾರು 100 ಕಿಲೋ ತೂಕದಷ್ಟು ಬಲದಿಂದ ಬಿಗಿದಿರುತ್ತದೆ. 36 ಕಡ್ಡಿಯ ಚಕ್ರವೆಂದರೆ ಒಟ್ಟು ಮೂರೂವರೆ ಟನ್ನಿಗೂ ಮಿಕ್ಕಿದ ಬಿಗಿತ. ಸವಾರ ಕುಳಿತಾಗ ಮೇಲಿನ ಕಡ್ಡಿಗಳ ಬಿಗಿತ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ನೆಲಕ್ಕೆ ಹತ್ತಿರವಿರುವ ಕೆಲವೇ ಕಡ್ಡಿಗಳ ಬಿಗಿತ ತಗ್ಗುತ್ತದೆ. ಈ ತಗ್ಗುವಿಕೆಯೇ ಭಾರ ಹೊರುವ ವಿಧಾನ.

ಇದನ್ನು ನಂಬಲು ಯಾರ ಪುಸ್ತಕವೂ ಬೇಡ. ಒಬ್ಬರನ್ನು ಸೈಕಲ್ ಮೇಲೆ ಕೂರಿಸಿ ಕಡ್ಡಿಗಳನ್ನು ವೀಣೆಯ ತಂತಿಯಂತೆ ಮೀಟಿ ನೋಡಿ. ಕೆಳಗಿನ ಕಡ್ಡಿಯ ಸ್ವರ ಇಳಿದಿರುತ್ತದೆ, ಮೇಲಿನದು ಬದಲಾಗಿರುವುದಿಲ್ಲ.

ಸೈಕಲ್ ಅಂಗಡಿಯಲ್ಲಿ ಬೆಂಡ್ ತೆಗೆಯುವವನು ಲೆಕ್ಕವಿಲ್ಲದೆಯೇ ಇದನ್ನು ಬಲ್ಲ. 36 ಕಡ್ಡಿಯ ಚಕ್ರವನ್ನು ಒಂಬತ್ತೊಂಬತ್ತರ ನಾಲ್ಕು ಗುಂಪಾಗಿ ಹೆಣೆದು, ಚಕ್ರವನ್ನು ತಿರುಗಿಸುತ್ತ, ರಿಮ್ಮು ಎಡಕ್ಕೆ ಬಲಕ್ಕೆ ಓಲಾಡುವುದನ್ನು, ಮೇಲೆ ಕೆಳಗೆ ಕುಣಿಯುವುದನ್ನು ಕಣ್ಣಳತೆಯಲ್ಲೇ ಹಿಡಿದು, ನಿಪ್ಪಲುಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾನೆ. ಕಡ್ಡಿ ಸಡಿಲವಾಗಿದ್ದರೆ ಚಕ್ರದ ಪ್ರತಿ ಸುತ್ತಿನಲ್ಲೂ ಒಮ್ಮೆ ಸೋತು ಒಮ್ಮೆ ಬಿಗಿದು, ದಣಿದು, ಕೊನೆಗೆ ಗುಂಭದ ಬಳಿಯ ಬಾಗಿನಲ್ಲಿ ಮುರಿಯುತ್ತದೆ.

ಈ ವಿದ್ಯೆಗೆ ಅತ್ಯಂತ ಕಠಿಣ ಪರೀಕ್ಷೆ ನಡೆಯುವುದು ಟ್ರಯಲ್ಸ್ ಎಂಬ ಆಟದಲ್ಲಿ. ಬ್ರಿಟನ್ನಿನ ಮೋಟಾರ್ ಸೈಕಲ್ ಸ್ಪರ್ಧೆಗಳಿಂದ ಬೆಳೆದ ಈ ಆಟ ಸ್ಪೇನಿನ ಕ್ಯಾಟಲೋನಿಯದಲ್ಲಿ ಸೈಕಲ್ಲಿಗೆ ಇಳಿಯಿತು. ಮೊಂಟೆಸಾ ಮೋಟಾರ್ ಸೈಕಲ್ ಕಂಪನಿಯ ಸವಾರ ಪೆರೆ ಪಿ ತನ್ನ ಮಗ ಓಟ್ ಪಿಗಾಗಿ 1970ರ ದಶಕದಲ್ಲಿ ಸಣ್ಣ ಸೈಕಲ್ಲೊಂದನ್ನು ಇದಕ್ಕೆ ಅಳವಡಿಸಿದ. ಮೋಟಾರಿಲ್ಲದ ಟ್ರಯಲ್ ಎಂಬ ಅರ್ಥದಲ್ಲಿ ಸ್ಪೇನಿನವರು ಇದನ್ನು ಟ್ರಯಲ್‌ಸಿನ್ ಎಂದು ಕರೆದರು. ಆ ಹುಡುಗ ಮುಂದೆ ವಿಶ್ವ ಚಾಂಪಿಯನ್ ಆದ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆಯಿಂದ ಬಂಡೆಗೆ, ದಿಮ್ಮಿಯಿಂದ ದಿಮ್ಮಿಗೆ ಕಾಲು ನೆಲಕ್ಕೂರದೆ ಹಾರಬೇಕು. ಕಾಲು ತಾಗಿದರೆ ದಂಡದ ಅಂಕ ಎಂಬುದು ಆಟದ ಹಳೆಯ ನಿಯಮ. ಸೈಕಲ್ಲಿಗೆ ಬಹುಮಟ್ಟಿಗೆ ಸೀಟೇ ಇರುವುದಿಲ್ಲ. ಚಕ್ರ 20 ಅಥವಾ 26 ಅಂಗುಲದ್ದು. ಟೈರಿನಲ್ಲಿ ಗಾಳಿ ಕಡಿಮೆ. ಬ್ರೇಕು ಕಚ್ಚಿ ಹಿಡಿಯಲೆಂದು ಎಷ್ಟೋ ಸವಾರರು ರಿಮ್ಮನ್ನೇ ಉಜ್ಜಿ ತರಿತರಿ ಮಾಡುತ್ತಾರೆ. ಎತ್ತರದಿಂದ ಹಿಂಚಕ್ರದ ಮೇಲೆ ಧೊಪ್ಪನೆ ಇಳಿದಾಗ ಕೆಳಗಿನ ಕಡ್ಡಿಗಳು ಪೂರ್ತಿ ಸೋತರೆ ರಿಮ್ಮು ಹಪ್ಪಳದಂತೆ ತಿರುಚಿಕೊಳ್ಳುತ್ತದೆ. ಕಡ್ಡಿ ಕಟ್ಟಿದವನ ಕೆಲಸ ಸಾಚಾ ಹೌದೋ ಅಲ್ಲವೋ ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲದ ಶ್ರೀಮಂತ, ಇದ್ದ ಕುಶಲಕರ್ಮಿ

ಇತಿಹಾಸದ ಮಾತು ಬಂದಾಗ ತೀರ್ಮಾನ ಇಷ್ಟು ಬೇಗ ಆಗುವುದಿಲ್ಲ. 1891ರಲ್ಲಿ ಲೂಯಿ ಬೋದ್ರಿ ದ ಸೋನ್ಯೆ ಎಂಬ ಫ್ರೆಂಚ್ ಪತ್ರಕರ್ತ ಸೈಕಲ್ಲಿನ ಇತಿಹಾಸ ಬರೆದ. ದ ಸಿವ್ರಾಕ್ ಎಂಬ ಶ್ರೀಮಂತ ಡ್ರೈಸ್‌ಗಿಂತ ಕಾಲು ಶತಮಾನ ಮೊದಲೇ ಪ್ಯಾರಿಸ್ಸಿನಲ್ಲಿ ಎರಡು ಚಕ್ರದ ಗಾಡಿ ಓಡಿಸಿದ್ದನೆಂದು ಅದರಲ್ಲಿ ಹೇಳಿದ. ಜರ್ಮನರಿಂದ ಸೋತ ನೋವು ಮಾಸದ ಕಾಲ ಅದು. ಸೈಕಲ್ಲಿನ ಮೂಲಪುರುಷ ಜರ್ಮನನಾಗಿರುವುದು ಯಾರಿಗೂ ರುಚಿಸಲಿಲ್ಲ. ಕಥೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ಅಂಥ ಶ್ರೀಮಂತನೂ ಇರಲಿಲ್ಲ, ಅಂಥ ಗಾಡಿಯೂ ಇರಲಿಲ್ಲ ಎಂದು ಜಾಕ್ ಸೆರೇ ಎಂಬ ಫ್ರೆಂಚ್ ಇತಿಹಾಸಕಾರನೇ 1976ರಲ್ಲಿ ತೋರಿಸಿಕೊಡಬೇಕಾಯಿತು. ಸಿವ್ರಾಕ್ ಎಂಬ ಹೆಸರನ್ನು ಹೋಲುವ ವ್ಯಾಪಾರಿಯೊಬ್ಬ 1817ರಲ್ಲಿ ನಾಲ್ಕು ಚಕ್ರದ ಕುದುರೆ ಬಂಡಿಯ ಆಮದಿಗೆ ಪರವಾನಗಿ ಪಡೆದಿದ್ದ. ದಾಖಲೆಯಲ್ಲಿದ್ದದ್ದು ಅಷ್ಟೇ.

ಇಟಲಿಯ ಸರದಿ ಬಂದದ್ದು 1974ರಲ್ಲಿ. ಲಿಯೊನಾರ್ಡೊ ಡ ವಿಂಚಿಯ ಹಾಳೆಗಳ ಸಂಗ್ರಹದಲ್ಲಿ ಚೈನು, ಪೆಡಲುಗಳಿರುವ ಸೈಕಲ್ ಚಿತ್ರ ಸಿಕ್ಕಿದೆಯೆಂದು ಸುದ್ದಿಯಾಯಿತು. ಆ ಹಾಳೆ ಶತಮಾನಗಳ ಕಾಲ ಬೇರೊಂದು ಹಾಳೆಗೆ ಅಂಟಿಕೊಂಡಿದ್ದು, 1960ರ ದಶಕದ ಜೀರ್ಣೋದ್ಧಾರದಲ್ಲಿ ಬಿಡಿಸಲ್ಪಟ್ಟಿತ್ತು. ಆದರೆ ವಿದ್ವಾಂಸ ಕಾರ್ಲೊ ಪೆಡ್ರೆಟ್ಟಿ 1961ರಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಕಂಡದ್ದು ಕೆಲವು ವೃತ್ತಗಳು, ಗೆರೆಗಳು ಮಾತ್ರ, ಸೈಕಲ್ಲಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು ಜರ್ಮನಿಯ ಹಾನ್ಸ್-ಎರ್ಹಾರ್ಡ್ ಲೆಸ್ಸಿಂಗ್ 1997ರಲ್ಲಿ ಆ ಚಿತ್ರ ಆಧುನಿಕರು ಸೇರಿಸಿದ್ದೆಂದು ವಾದಿಸಿದರು.

ನಾವೇನೂ ಹೊರತಲ್ಲ. ತಿರುಚಿರಾಪಳ್ಳಿಯ ಉರೈಯೂರಿನ ಪಂಚವರ್ಣಸ್ವಾಮಿ ದೇಗುಲದ ಕಂಬವೊಂದರಲ್ಲಿ ಸೈಕಲ್ ಸವಾರನ ಉಬ್ಬುಶಿಲ್ಪವಿದೆ. ಎರಡು ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಸೈಕಲ್ ಇತ್ತು ಎಂಬುದಕ್ಕೆ ಅದೇ ಸಾಕ್ಷಿಯೆಂದು ಹೇಳುವವರಿದ್ದಾರೆ. ದೇಗುಲ ಪುರಾತನವೇ, ಆದರೆ ಈ ಕೆತ್ತನೆ ಇಪ್ಪತ್ತನೆಯ ಶತಮಾನದ ಜೀರ್ಣೋದ್ಧಾರದ್ದೆಂದು ಸಂಶೋಧಕರು ಹೇಳುತ್ತಾರೆ. ಊರಿಗೆ ಹೊಸದಾಗಿ ಬಂದ ಗಾಡಿಯನ್ನು ಕಂಡು ಬೆರಗಾದ ಶಿಲ್ಪಿ ಅದನ್ನು ದೇವರ ಸನ್ನಿಧಿಯಲ್ಲಿ ಕೆತ್ತಿದ್ದಾನೆ. ಆ ಬೆರಗೇ ಸೊಗಸಾದ ಇತಿಹಾಸ. ಅವನನ್ನು ಎರಡು ಸಾವಿರ ವರ್ಷ ಹಿಂದಕ್ಕೆ ತಳ್ಳಿದರೆ ನಾವು ಕಳೆದುಕೊಳ್ಳುವುದು ಅವನನ್ನೇ.

ಕಟ್ಟುಕಥೆಗಳಿಂದ ಆಗುವ ನಷ್ಟ ಇದೇ. ಇಲ್ಲದ ಶ್ರೀಮಂತನನ್ನು ಫ್ರಾನ್ಸು 85 ವರ್ಷ ಹೊತ್ತು ಮೆರೆಸಿತು. ನಿಜವಾಗಿ ತಂತಿ ಚಕ್ರ ಕಟ್ಟಿದ ತನ್ನದೇ ಮೇಯರ್‌ನನ್ನು ಮರೆಯಿತು. ಸ್ಟಾರ್ಲಿಗೆ ಕಾವೆಂಟ್ರಿಯಲ್ಲಿ ಸ್ಮಾರಕ ನಿಂತಿತು. ಮೇಯರ್‌ನ ಹೆಸರನ್ನು ಇತಿಹಾಸಕಾರರು ಹಳೆಯ ಪೇಟೆಂಟ್ ಕಾಗದಗಳಿಂದ ಹುಡುಕಿ ತೆಗೆಯಬೇಕಾಯಿತು.

ಮುಂದಿನ ಸಲ ಸೈಕಲ್ ಅಂಗಡಿಯವನು ಚಕ್ರ ತಿರುಗಿಸುತ್ತ, ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತ ಕಿವಿಗೊಟ್ಟು ಕುಳಿತಿರುವುದನ್ನು ಕಂಡರೆ ಎರಡು ನಿಮಿಷ ನಿಂತು ನೋಡಿ. ಮೇಯರ್ ಮಾಡಿದ್ದೂ ಅದೇ ಕೆಲಸ.